ಬುದ್ಧಿಗೆ ತಕ್ಕಡಿಯುಂಟೆ?

ಕಳೆದ ವಾರ ಬೆಂಗಳೂರಿನಿಂದ ನನ್ನ ತಮ್ಮನ ಮಗಳು ದೂರವಾಣಿ ಮಾಡಿದ್ದಳು. ಕುಶಲೋಪರಿ ಮುಗಿಯುವ ಮೊದಲೇ ಅವಳ ದನಿ ಗದ್ಗದವಾಯಿತು. "ದೊಡ್ಡಪ್ಪ, ನಮ್ಮ ಪುಟ್ಟನಿಗೆ ಎಂಬತ್ತನಾಲ್ಕು ಬಂದಿದೆಯಂತೆ" ಎಂದಳು. ನೂರಕ್ಕೆ ಎಂಬತ್ತನಾಲ್ಕಾದರೆ ಅಳುವುದೇಕೆ ಎಂದು ನನ್ನಂಥ ಹಳೆಯ ಮೇಷ್ಟರಿಗೆ ಅನಿಸಿದ್ದು ಸಹಜ. ಆಮೇಲೆ ತಿಳಿಯಿತು, ಅದು ಅಂಕವಲ್ಲ, ಬುದ್ಧಿಲಬ್ಧ; ಅವರ ಭಾಷೆಯಲ್ಲಿ ಐಕ್ಯೂ. ಒಂದನೆಯ ತರಗತಿಗೆ ಸೇರಿಸಲು ಹೋದ ಶಾಲೆಯವರು ಆರು ವರ್ಷದ ಮಗುವನ್ನು ಒಂದು ಕೋಣೆಯಲ್ಲಿ ಮುಕ್ಕಾಲು ಗಂಟೆ ಕೂರಿಸಿಕೊಂಡು, ಚಿತ್ರ ತೋರಿಸಿ, ಪ್ರಶ್ನೆ ಕೇಳಿ, ಕೊನೆಗೆ ಒಂದು ಹಾಳೆಯಲ್ಲಿ ಈ ಸಂಖ್ಯೆಯನ್ನು ಬರೆದು ತಾಯಿಯ ಕೈಗೆ ಕೊಟ್ಟಿದ್ದರು. "ನನ್ನ ಮಗ ದಡ್ಡನೇ ದೊಡ್ಡಪ್ಪ? ನೀವು ನಲವತ್ತು ವರ್ಷ ಮಕ್ಕಳನ್ನು ನೋಡಿದವರು, ಹೇಳಿ" ಎಂದು ಅವಳು ಕೇಳಿದಳು.

ಅವಳಿಗೆ ಅಂದು ಏನೋ ಸಮಾಧಾನ ಹೇಳಿದೆ. ಆದರೆ ಅಂದಿನಿಂದ ನನಗೇ ಸಮಾಧಾನವಿಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಇಂದು ತಂದೆತಾಯಿಗಳಾಗಿದ್ದೀರಿ, ಕೆಲವರು ಅಜ್ಜ ಅಜ್ಜಿಯರೂ ಆಗಿದ್ದೀರಿ. ಹತ್ತಾರು ಮಂದಿ ನನ್ನಂತೆಯೇ ಶಿಕ್ಷಕವೃತ್ತಿಗೆ ಬಂದಿದ್ದೀರಿ. ಆದ್ದರಿಂದ ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ಬುದ್ಧಿ ಪರೀಕ್ಷೆಯೆಂಬುದು ಮಗುವಿಗೆ ಇಲ್ಲಿಯವರೆಗೆ ನಾವು ಏನು ಕೊಟ್ಟಿದ್ದೇವೆ ಎಂಬುದರ ಲೆಕ್ಕವೇ ಹೊರತು, ಮಗು ಮುಂದೆ ಏನಾಗಬಲ್ಲುದು ಎಂಬುದರ ತೀರ್ಪಲ್ಲ. ಲೆಕ್ಕವನ್ನು ತೀರ್ಪೆಂದು ಓದುವುದು ತಪ್ಪು; ಆ ತಪ್ಪನ್ನು ನಾನೇ ಮಾಡಿದ್ದೇನೆ. ಅದನ್ನೂ ಇಲ್ಲಿ ಹೇಳುತ್ತೇನೆ.

ಮೊದಲು ಈ ಎಂಬತ್ತನಾಲ್ಕು ಎಂದರೇನೆಂದು ನೋಡೋಣ. ಇಂದಿನ ಪರೀಕ್ಷೆಗಳಲ್ಲಿ ನೂರು ಎಂಬುದು ಪೂರ್ಣಾಂಕವಲ್ಲ, ಸರಾಸರಿ. ಒಂದೇ ವಯಸ್ಸಿನ ಮಕ್ಕಳ ಸರಾಸರಿ ನೂರು ಬರುವಂತೆ ಪರೀಕ್ಷೆಯನ್ನೇ ಹೊಂದಿಸಿರುತ್ತಾರೆ. ಅಂದಮೇಲೆ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ನೂರಕ್ಕಿಂತ ಕೆಳಗೆ ಇರಲೇಬೇಕು; ಅದು ಮಕ್ಕಳ ದೋಷವಲ್ಲ, ಸರಾಸರಿಯೆಂಬ ಮಾತಿನ ಅರ್ಥ. ಮೂರರಲ್ಲಿ ಎರಡು ಪಾಲು ಮಕ್ಕಳು 85 ಮತ್ತು 115ರ ನಡುವೆ ಬರುತ್ತಾರೆ. ಪ್ರತಿ ಆರೇಳು ಮಕ್ಕಳಲ್ಲಿ ಒಬ್ಬರು 84 ಅಥವಾ ಅದಕ್ಕಿಂತ ಕೆಳಗೆ ಬರುತ್ತಾರೆ. ನಲವತ್ತು ಮಕ್ಕಳ ತರಗತಿಯಲ್ಲಿ ಅಂಥವರು ಆರು ಮಂದಿ. ಅಷ್ಟೇ ಅಲ್ಲ, ಈ ಸಂಖ್ಯೆಗೆ ಎರಡೂ ಕಡೆ ಐದಾರು ಅಂಕಗಳ ಅನಿಶ್ಚಯವಿದೆಯೆಂದು ಪರೀಕ್ಷೆ ಮಾಡುವ ತಜ್ಞರೇ ಒಪ್ಪುತ್ತಾರೆ. ಅದೇ ಮಗು ಇನ್ನೊಂದು ದಿನ, ನಿದ್ದೆ ಮಾಡಿ ಎದ್ದು, ಹೊಟ್ಟೆ ತುಂಬಿಸಿಕೊಂಡು, ಪರಿಚಯದ ಮುಖದೆದುರು ಕುಳಿತರೆ 90 ಬಂದರೂ ಆಶ್ಚರ್ಯವಿಲ್ಲ. ಅದರಲ್ಲಿಯೂ ಐದಾರು ವರ್ಷದ ಮಕ್ಕಳ ಸಂಖ್ಯೆಗಳು ವರ್ಷದಿಂದ ವರ್ಷಕ್ಕೆ ಬಹಳ ಓಲಾಡುತ್ತವೆ. ಅಡಿಕೆ ವ್ಯಾಪಾರಿ ಇಷ್ಟು ಓಲಾಡುವ ತಕ್ಕಡಿಯನ್ನು ಸಂತೆಗೆ ತಂದರೆ ಯಾವ ರೈತನಾದರೂ ಒಪ್ಪುವನೇ?

ಈ ಪರೀಕ್ಷೆಯನ್ನು ಮೊದಲು ರಚಿಸಿದವರು ಫ್ರಾನ್ಸಿನ ಆಲ್ಫ್ರೆಡ್ ಬಿನೆ. ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸುವ ಬಗೆಯನ್ನು ಸೂಚಿಸಬೇಕೆಂದು 1904ರಲ್ಲಿ ಅಲ್ಲಿನ ಸರ್ಕಾರ ಒಂದು ಸಮಿತಿಯನ್ನು ನೇಮಿಸಿತು. ಅದರಲ್ಲಿದ್ದ ಬಿನೆ, ತಮ್ಮ ಸಹಾಯಕ ಸಿಮೋನರೊಡನೆ 1905ರಲ್ಲಿ ಮೂವತ್ತು ಚಿಕ್ಕ ಚಿಕ್ಕ ಪ್ರಶ್ನೆ ಹಾಗೂ ಕೆಲಸಗಳ ಒಂದು ಪಟ್ಟಿಯನ್ನು ಮಾಡಿದರು. ಉದ್ದೇಶ ಒಂದೇ: ಯಾವ ಮಗುವಿಗೆ ಹೆಚ್ಚಿನ ನೆರವು ಬೇಕು ಎಂದು ತಿಳಿಯುವುದು. ಬುದ್ಧಿಯೆಂಬುದು ಹುಟ್ಟಿನಿಂದ ನಿಶ್ಚಿತವಾದ, ಹೆಚ್ಚಿಸಲಾಗದ ವಸ್ತುವೆಂದು ವಾದಿಸುವವರನ್ನು ಬಿನೆ 1909ರ ತಮ್ಮ ಪುಸ್ತಕದಲ್ಲಿ ಕಟುವಾಗಿ ವಿರೋಧಿಸಿದರು. ಅಭ್ಯಾಸದಿಂದ, ಕ್ರಮದಿಂದ ಮಗು ಮೊದಲಿಗಿಂತ ಬುದ್ಧಿವಂತವಾಗಬಲ್ಲುದು ಎಂಬುದು ಅವರ ನಿಲುವಾಗಿತ್ತು. 1911ರಲ್ಲಿ ಅವರು ತೀರಿಕೊಂಡರು. ಮರುವರ್ಷವೇ ಜರ್ಮನಿಯ ಸ್ಟರ್ನ್ ಎಂಬುವರು ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸುವ ಲೆಕ್ಕವನ್ನು ಸೂಚಿಸಿದರು. 1916ರಲ್ಲಿ ಅಮೆರಿಕದ ಟರ್ಮನ್ ಅದನ್ನು ನೂರರಿಂದ ಗುಣಿಸಿದರು. ನೆರವಿಗೆಂದು ಹುಟ್ಟಿದ ಪ್ರಶ್ನೆಪಟ್ಟಿ ಹೀಗೆ ಹಣೆಗೆ ಅಂಟಿಸುವ ಚೀಟಿಯಾಯಿತು.

ಆ ಚೀಟಿ ಎಷ್ಟು ದೂರ ಹೋಯಿತೆಂಬುದಕ್ಕೆ ಒಂದೇ ಉದಾಹರಣೆ ಸಾಕು. ಮೊದಲನೆಯ ಮಹಾಯುದ್ಧಕ್ಕೆ ಸೇರಿದ ಹದಿನೇಳು ಲಕ್ಷದಷ್ಟು ಸೈನಿಕರಿಗೆ ಅಮೆರಿಕದಲ್ಲಿ ಇಂಥ ಪರೀಕ್ಷೆ ಮಾಡಿದರು. ಅದರಲ್ಲಿ ಅಲ್ಲಿನ ಒಂದು ಅಡುಗೆ ಕೊಬ್ಬಿನ ವ್ಯಾಪಾರಿ ಹೆಸರು ಹೇಳಿ, ಅದು ಔಷಧವೋ, ಹಲ್ಲುಜ್ಜುವ ಪದಾರ್ಥವೋ, ತಿನ್ನುವ ವಸ್ತುವೋ ಎಂಬ ಪ್ರಶ್ನೆಯಿತ್ತು. ಓದುಬರಹ ಬಾರದವರಿಗೆ ಟೆನಿಸ್ ಅಂಗಳದ ಚಿತ್ರ ತೋರಿಸಿ, ಅದರಲ್ಲಿ ಏನು ಬಿಟ್ಟುಹೋಗಿದೆ ಎಂದು ಕೇಳಿದರು, ಉತ್ತರ, ಬಲೆ. ಹೊಸದಾಗಿ ಹಡಗಿನಿಂದ ಇಳಿದ ಇಟಲಿಯ ರೈತ ಟೆನಿಸ್ ಬಲೆಯನ್ನು ಎಲ್ಲಿ ನೋಡಬೇಕು? ಅವನು ಸೋತ. ಅವನ ದೇಶದವರೇ ಬುದ್ಧಿಯಲ್ಲಿ ಕೀಳು ಎಂದು ಬ್ರಿಗಮ್ ಎಂಬ ವಿದ್ವಾಂಸರು 1923ರಲ್ಲಿ ಪುಸ್ತಕ ಬರೆದರು. ಅವರೇ 1930ರಲ್ಲಿ ತಮ್ಮ ತೀರ್ಮಾನಗಳಿಗೆ ಆಧಾರವಿಲ್ಲವೆಂದು ಬರೆದು ಹಿಂತೆಗೆದುಕೊಂಡರು. ಒಪ್ಪಿಕೊಂಡದ್ದು ದೊಡ್ಡತನವೇ, ಆದರೆ ಅಷ್ಟರಲ್ಲಿ, 1924ರಲ್ಲಿಯೇ, ಅಂಥ ದೇಶಗಳವರಿಗೆ ಬಾಗಿಲು ಕಿರಿದುಮಾಡುವ ಕಾನೂನು ಅಲ್ಲಿ ಬಂದಾಗಿತ್ತು.

ಇದು ಪರದೇಶದ ಕಥೆಯೆಂದು ತಳ್ಳಿಹಾಕುವಂತಿಲ್ಲ. ನಮ್ಮ ನಾಡಿಗೂ ಈ ವಿದ್ಯೆಗೂ ಹಳೆಯ ನಂಟಿದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು, ಎಲ್ಲ ಬುದ್ಧಿಗೂ ಮೂಲವಾದ ಒಂದು ಸಾಮಾನ್ಯ ಶಕ್ತಿಯಿದೆಯೆಂದು ಸಾರಿದ ಲಂಡನ್ನಿನ ಸ್ಪಿಯರ್‌ಮನ್ನರ ಶಿಷ್ಯರು. ಮೈಸೂರಿನಲ್ಲಿ 'ಆಕಾಶವಾಣಿ' ಎಂಬ ಹೆಸರಿನಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದವರೂ ಇವರೇ. ಇತ್ತ ಮುಂಬಯಿ ಪ್ರಾಂತ್ಯದಲ್ಲಿ ಡಾ. ವಿ. ವಿ. ಕಾಮತರು 1930ರ ದಶಕದಲ್ಲಿ ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಕಾಮತರದು ಸಾಹಸದ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಇಂಗ್ಲಿಷ್ ಪ್ರಶ್ನೆಗಳನ್ನು ಹಾಗೆಯೇ ಭಾಷಾಂತರಿಸಿದರೆ ನಮ್ಮ ಮಕ್ಕಳಿಗೆ ಅನ್ಯಾಯವಾಗುತ್ತದೆಂದು ಅಂದೇ ತಿಳಿದ ವಿವೇಕಿ ಅವರು.

ಆದರೆ ಆ 'ಬಿನೆ-ಕಾಮತ್' ಪರೀಕ್ಷೆ ಇಂದಿಗೂ ನಮ್ಮ ದೇಶದ ಹಲವು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆಯೆಂದರೆ ನಂಬುವಿರಾ? ಹಟ್ಟಿಯಲ್ಲಿ ವಿದ್ಯುದ್ದೀಪವಿಲ್ಲದ ಕಾಲದ ಮಕ್ಕಳನ್ನು ಅಳೆದು ಗುರುತುಹಾಕಿದ ಕೋಲಿನಿಂದ, ಅಂಗೈಯಲ್ಲಿ ಚಲಚ್ಚಿತ್ರ ನೋಡುವ ಮಕ್ಕಳನ್ನು ಅಳೆಯುವುದು! ನ್ಯೂಜಿಲೆಂಡಿನ ಪ್ರಾಧ್ಯಾಪಕ ಜೇಮ್ಸ್ ಫ್ಲಿನ್ನರು 1980ರ ದಶಕದಲ್ಲಿ ಒಂದು ಸಂಗತಿಯನ್ನು ಹೊರಗೆಡವಿದರು. ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಈ ಪರೀಕ್ಷೆಗಳಲ್ಲಿ ಜನರು ಗಳಿಸುವ ಅಂಕ ಏರುತ್ತಲೇ ಇತ್ತು. ಹಾಲೆಂಡಿನ ಯುವಕರು 1952ರಿಂದ 1982ರೊಳಗೆ ಇಪ್ಪತ್ತು ಅಂಕ ಮೇಲೇರಿದ್ದರು. ಮೂವತ್ತು ವರ್ಷದಲ್ಲಿ ಮನುಷ್ಯನ ರಕ್ತ ಬದಲಾಗುವುದಿಲ್ಲ. ಬದಲಾದದ್ದು ಶಾಲೆ, ಆಹಾರ, ಮನೆ, ದಿನನಿತ್ಯ ಕಣ್ಣಿಗೆ ಬೀಳುವ ಚಿತ್ರ ಚಿಹ್ನೆಗಳು. ಅಂದಮೇಲೆ ಪರೀಕ್ಷೆ ಅಳೆದದ್ದು ರಕ್ತವನ್ನೋ, ಬದುಕನ್ನೋ? ಇದರಿಂದ ಇನ್ನೊಂದು ಅನ್ಯಾಯವೂ ಇದೆ. ಹಳೆಯ ಕೋಲಿನಿಂದ ಅಳೆದರೆ ಇಂದಿನ ಮಗು ಇರುವುದಕ್ಕಿಂತ ಎತ್ತರವಾಗಿ ಕಾಣುತ್ತದೆ. ನಿಜವಾಗಿಯೂ ನೆರವು ಬೇಕಾದ ಮಗುವಿಗೆ ಎಪ್ಪತ್ತರ ಗೆರೆಯ ಮೇಲೆ ಒಂದೆರಡು ಅಂಕ ಬಂದು, ಅದಕ್ಕೆ ಸಲ್ಲಬೇಕಾದ ಪ್ರಮಾಣಪತ್ರವೇ ತಪ್ಪಿಹೋಗಬಹುದು. ತಪ್ಪು ತಕ್ಕಡಿ ಎರಡೂ ಕಡೆ ಕೊಲ್ಲುತ್ತದೆ.

ಇನ್ನು ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ.

ಶಿಕ್ಷಕರ ತರಬೇತಿಯಲ್ಲಿ ನಮಗೆ ಬುದ್ಧಿಲಬ್ಧದ ಪಟ್ಟಿಯನ್ನು ಬಾಯಿಪಾಠ ಮಾಡಿಸಿದ್ದರು. 140ರ ಮೇಲೆ ಪ್ರತಿಭಾವಂತ, 90ರಿಂದ 110 ಸಾಮಾನ್ಯ, 70ರ ಕೆಳಗೆ ಮಂದಬುದ್ಧಿ. ಆ ಪಟ್ಟಿಯನ್ನೂ ಒಂದಷ್ಟು ಪ್ರಶ್ನೆಗಳನ್ನೂ ನೋಟುಪುಸ್ತಕದಲ್ಲಿ ಬರೆದುಕೊಂಡು, 1972ರಲ್ಲಿ ಹೊಸದುರ್ಗ ತಾಲ್ಲೂಕಿನ ಒಂದು ಹಟ್ಟಿಯ ಏಕೋಪಾಧ್ಯಾಯ ಶಾಲೆಗೆ ಹೋದೆ. ಇಪ್ಪತ್ತೊಂದು ವರ್ಷದ ಹುರುಪು. ಬಂದ ಒಂದು ತಿಂಗಳಲ್ಲಿಯೇ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ಬುದ್ಧಿ ಪರೀಕ್ಷೆ ಮಾಡಿದೆ. ಅದರಲ್ಲಿ ಗುಂಪಿಗೆ ಸೇರದ ಪದವನ್ನು ಗುರುತಿಸುವ ಪ್ರಶ್ನೆಯಿತ್ತು. ಪುಸ್ತಕದ ಪದಗಳು ಮಕ್ಕಳಿಗೆ ತಿಳಿಯಲಾರವೆಂದು ನಾನೇ ಜಾಣತನದಿಂದ ಬದಲಿಸಿ ಕೇಳಿದೆ: ಕುರಿ, ಮೇಕೆ, ನಾಯಿ, ಕಂಬಳಿ. ಇವುಗಳಲ್ಲಿ ಸೇರದ್ದು ಯಾವುದು? ಕಂಬಳಿಗೆ ಜೀವವಿಲ್ಲ, ಆದ್ದರಿಂದ ಕಂಬಳಿ. ಇದು ನನ್ನ ಉತ್ತರ.

ಹತ್ತು ವರ್ಷದ ಒಬ್ಬ ಕುರಿಗಾರರ ಹುಡುಗ ಎದ್ದು ನಿಂತು "ಮ್ಯಾಕೆ ಸಾ" ಎಂದ. ಏಕೆ ಎಂದು ಕೇಳಿದೆ. "ಕುರಿ ತುಪ್ಪಟದಾಗೆ ಕಂಬ್ಳಿ ಆಗ್ತೈತೆ. ನಾಯಿ ಕುರಿ ಕಾಯ್ತೈತೆ. ಕಂಬ್ಳಿ ಕುರಿ ಕಾಯೋನ್ನ ಕಾಯ್ತೈತೆ. ಮ್ಯಾಕೆ ಯಾರ ಮಾತೂ ಕೇಳಲ್ಲ ಸಾ" ಎಂದ. ಮಕ್ಕಳು ನಕ್ಕರು. ನಾನೂ ನಕ್ಕೆ. ಸೊನ್ನೆ ಹಾಕಿದೆ. ಇಂಥ ಇನ್ನೂ ಏಳೆಂಟು ಸೊನ್ನೆಗಳನ್ನು ಕೂಡಿಸಿ ಭಾಗಿಸಿ, ಅವನ ಹೆಸರಿನ ಮುಂದೆ 'ಮಂದಬುದ್ಧಿ' ಎಂದು ಕೆಂಪು ಶಾಯಿಯಲ್ಲಿ ಬರೆದೆ. ಎಂಬತ್ತು ಕುರಿಗಳ ಮಂದೆಯಲ್ಲಿ ಒಂದೊಂದರ ಮುಖವನ್ನೂ ಗುರುತಿಸಿ, ಯಾವುದರ ಮರಿ ಯಾವುದೆಂದು ಕತ್ತಲಲ್ಲಿಯೂ ಹೇಳಬಲ್ಲವನಾಗಿದ್ದ ಆ ಹುಡುಗ. ಆ ತಿಂಗಳ ಕೊನೆಗೆ ಅವನ ತಂದೆ ಶಾಲೆಯ ಬಳಿ ಬಂದಾಗ "ಇವನಿಗೆ ಓದು ತಲೆಗೆ ಹತ್ತುವುದಿಲ್ಲ ಕಣಪ್ಪ, ಕುರಿ ಕಾಯಲಿ ಬಿಡು" ಎಂದೆ. ಹುಡುಗ ಮರುದಿನದಿಂದ ಶಾಲೆಗೆ ಬರಲಿಲ್ಲ. ನನಗೆ ಆಗ ಏನೂ ಅನಿಸಲಿಲ್ಲವೆಂಬುದನ್ನು ಬರೆಯಲು ನಾಚಿಕೆಯಾಗುತ್ತದೆ.

ಎಷ್ಟೋ ವರ್ಷಗಳ ಮೇಲೆ ರಷ್ಯದ ಮನೋವಿಜ್ಞಾನಿ ಲೂರಿಯಾ ಅವರ ಬಗ್ಗೆ ಓದಿದೆ. 1931-32ರಲ್ಲಿ ಅವರು ಉಜ್ಬೆಕಿಸ್ತಾನದ ಹಳ್ಳಿಗಳಿಗೆ ಹೋಗಿ ರೈತರಿಗೆ ಸುತ್ತಿಗೆ, ಗರಗಸ, ಮರದ ದಿಮ್ಮಿ, ಕೊಡಲಿಗಳ ಚಿತ್ರ ತೋರಿಸಿ, ಸೇರದ್ದು ಯಾವುದೆಂದು ಕೇಳಿದರು. ಓದುಬರಹ ಬಾರದ ರೈತರು ಎಲ್ಲವೂ ಬೇಕು ಎಂದರು. ದಿಮ್ಮಿಯೇ ಇಲ್ಲದಿದ್ದರೆ ಗರಗಸ ಕೊಡಲಿಗಳಿಂದ ಮಾಡುವುದೇನು? ಶಾಲೆಗೆ ಒಂದೆರಡು ವರ್ಷ ಹೋದವರು ಮಾತ್ರ ದಿಮ್ಮಿಯನ್ನು ಬೇರ್ಪಡಿಸಿದರು. ಅಂದರೆ ವಸ್ತುಗಳನ್ನು ಬಳಕೆಯಿಂದ ಬಿಡಿಸಿ ಜಾತಿವಾರು ವಿಂಗಡಿಸುವುದು ಶಾಲೆ ಕಲಿಸುವ ಒಂದು ಅಭ್ಯಾಸ. ಅದು ಬಹಳ ಉಪಯುಕ್ತವಾದ ಅಭ್ಯಾಸವೇ. ಆದರೆ ಶಾಲೆ ಕಲಿಸುವುದನ್ನು ಶಾಲೆಗೆ ಸೇರುವ ಮೊದಲೇ ಮಗುವಿನಲ್ಲಿ ಹುಡುಕಿ, ಸಿಗದಿದ್ದರೆ ಈ ಮಗು ಶಾಲೆಗೆ ತಕ್ಕದ್ದಲ್ಲ ಎನ್ನುವುದು ಯಾವ ನ್ಯಾಯ? ಲೂರಿಯಾ ಅವರ ಬಗ್ಗೆ ಓದಿದ ರಾತ್ರಿ ನನಗೆ ಆ ಹುಡುಗನ ಮೇಕೆ ನೆನಪಾಯಿತು, ನಿದ್ದೆ ಬರಲಿಲ್ಲ.

ಇನ್ನೊಂದು ಮಾತು. ನಾನು ಆ ಪರೀಕ್ಷೆ ಮಾಡಿದ್ದು ಬರದ ವರ್ಷ. 1972ರ ಬರವನ್ನು ಕಂಡವರಿಗೆ ನಾನು ವಿವರಿಸಬೇಕಾಗಿಲ್ಲ. ಬೆಳಿಗ್ಗೆ ಅಂಬಲಿಯೂ ಇಲ್ಲದೆ ಬಂದ ಮಕ್ಕಳಿಗೆ ನಾನು ಬುದ್ಧಿ ಅಳೆಯುತ್ತಿದ್ದೆ. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಸಾಕ್ಷಿ ಹೇಳುತ್ತದೆ. ತಮಿಳುನಾಡಿನ 54 ಹಳ್ಳಿಗಳ 464 ಕಬ್ಬು ಬೆಳೆಗಾರರಿಗೆ ಕಟಾವಿನ ಮೊದಲು ಒಮ್ಮೆ, ಕಟಾವಾದ ಮೇಲೆ ಒಮ್ಮೆ ಬುದ್ಧಿ ಪರೀಕ್ಷೆಯ ಪ್ರಶ್ನೆಗಳನ್ನು ಕೊಟ್ಟರು. ಕೈಯಲ್ಲಿ ಕಾಸಿಲ್ಲದೆ, ಒಡವೆ ಗಿರವಿಯಿಟ್ಟು ಸಾಲದ ಚಿಂತೆಯಲ್ಲಿದ್ದಾಗ ಕಡಿಮೆ ಅಂಕ; ಹಣ ಕೈಸೇರಿದ ಮೇಲೆ ಅದೇ ರೈತನಿಗೆ ಹೆಚ್ಚು ಅಂಕ. ಅದೇ ತಲೆ, ಅದೇ ಮನುಷ್ಯ! ನಮ್ಮ ರಾಜ್ಯದ ಎಲ್ಲೆಡೆ 2003ರಲ್ಲಿ ಮಧ್ಯಾಹ್ನದ ಬಿಸಿಯೂಟ ಬಂದಾಗ ಮಧ್ಯಾಹ್ನದ ತರಗತಿಗಳಲ್ಲಿ ಆದ ಬದಲಾವಣೆಯನ್ನು ನಾವು ಮೇಷ್ಟರುಗಳು ಕಣ್ಣಾರೆ ಕಂಡೆವು. ಎರಡು ಗಂಟೆಗೆ ತೂಕಡಿಸುತ್ತಿದ್ದ 'ಮಂದ'ರಲ್ಲಿ ಅರ್ಧ ಮಂದಿ ಹಸಿದವರಾಗಿದ್ದರು, ಅಷ್ಟೇ.

ಹುಟ್ಟುಗುಣವೆಂಬುದೇ ಇಲ್ಲವೇ ಎಂದು ನೀವು ಕೇಳಬಹುದು. ಇದೆ, ನಾನು ಅಲ್ಲಗಳೆಯುವುದಿಲ್ಲ. ಒಂದೇ ಚೀಲದ ರಾಗಿಯನ್ನು ಎರಡು ಪಾಲು ಮಾಡಿ, ಒಂದನ್ನು ಎರೆ ಹೊಲಕ್ಕೂ ಇನ್ನೊಂದನ್ನು ಗರಸು ಹೊಲಕ್ಕೂ ಚೆಲ್ಲಿರಿ. ಎರೆ ಹೊಲದೊಳಗೆ ಒಂದು ಪೈರು ಎತ್ತರ, ಒಂದು ಗಿಡ್ಡ ಇದ್ದರೆ ಅದು ಬೀಜದ ಗುಣವೆನ್ನಬಹುದು. ಆದರೆ ಎರಡು ಹೊಲಗಳ ನಡುವಿನ ಅಂತರ ಮಣ್ಣಿನದು, ಬೀಜದ್ದಲ್ಲ. ಬೆಂಗಳೂರಿನ ವೈದ್ಯರ ಮಗುವನ್ನೂ ಹಟ್ಟಿಯ ಕುರಿಗಾರರ ಮಗುವನ್ನೂ ಒಂದೇ ಕಾಗದದ ಮೇಲೆ ಹೋಲಿಸುವವರು ಮಣ್ಣನ್ನು ಅಳೆದು ಬೀಜದ ಹೆಸರು ಬರೆಯುತ್ತಿದ್ದಾರೆ.

ಇದು ನಮ್ಮ ಕಣ್ಣೆದುರಿಗೇ ವರ್ಷವರ್ಷವೂ ನಡೆಯುತ್ತಿದೆ. ನವೋದಯ ಶಾಲೆಯ ಆರನೆಯ ತರಗತಿಯ ಪ್ರವೇಶ ಪರೀಕ್ಷೆಯನ್ನೇ ನೋಡಿ. ನೂರು ಅಂಕಗಳಲ್ಲಿ ಐವತ್ತು 'ಮಾನಸಿಕ ಸಾಮರ್ಥ್ಯ'ಕ್ಕೆ. ನಲವತ್ತು ಪ್ರಶ್ನೆ, ಒಂದು ಗಂಟೆ, ಎಲ್ಲವೂ ಆಕೃತಿಗಳು. ಕನ್ನಡಿಯಲ್ಲಿ ಕಾಣುವ ಚಿತ್ರ ಯಾವುದು, ಮಡಿಸಿ ತೂತು ಮಾಡಿದ ಕಾಗದವನ್ನು ಬಿಡಿಸಿದರೆ ಹೇಗೆ ಕಾಣುತ್ತದೆ ಎಂಬ ಬಗೆಯವು. ಅಕ್ಷರವಿಲ್ಲದ ಪ್ರಶ್ನೆಗಳಾದ್ದರಿಂದ ಹಳ್ಳಿಯ ಮಕ್ಕಳಿಗೆ ಅನುಕೂಲವೆಂಬ ಸದುದ್ದೇಶ ಇದರಲ್ಲಿದೆ. ನಾನೂ ಹಲವು ವರ್ಷ ಮಕ್ಕಳನ್ನು ಇದಕ್ಕೆ ತಯಾರುಮಾಡಿದ್ದೇನೆ. ನವೆಂಬರಿನಲ್ಲಿ ನಲವತ್ತಕ್ಕೆ ಹನ್ನೆರಡು ಸರಿಮಾಡುತ್ತಿದ್ದ ಹುಡುಗಿ, ದಿನವೂ ಸಂಜೆ ಒಂದು ಗಂಟೆ ಅಭ್ಯಾಸ ಮಾಡಿ ಫೆಬ್ರವರಿಗೆ ಮೂವತ್ತು ಸರಿಮಾಡಿದ್ದನ್ನು ನೋಡಿದ್ದೇನೆ. ಮೂರು ತಿಂಗಳ ಅಭ್ಯಾಸದಿಂದ ಎರಡೂವರೆಪಟ್ಟು ಬೆಳೆಯುವ ವಸ್ತುವಿಗೆ 'ಸಾಮರ್ಥ್ಯ' ಎಂದು ಹೆಸರಿಡುವುದು ಹೇಗೆ? ಅದು ತಯಾರಿ. ತಯಾರಿಗೆ ಪುಸ್ತಕ ಬೇಕು, ಪುಸ್ತಕಕ್ಕೆ ಹಣ ಬೇಕು, ಹೇಳಿಕೊಡಲು ಬಿಡುವಿರುವ ಮೇಷ್ಟರು ಬೇಕು. ಒಂದು ಶಾಲೆಗೆ ಸೇರುವವರು ಹೆಚ್ಚೆಂದರೆ ಎಂಬತ್ತು ಮಕ್ಕಳು. ಸೀಟು ಕಡಿಮೆಯಿದ್ದಾಗ ಏನೋ ಒಂದು ಜರಡಿ ಬೇಕಾಗುತ್ತದೆ, ಒಪ್ಪೋಣ. ಆದರೆ ಜರಡಿಯನ್ನು ಜರಡಿಯೆಂದೇ ಕರೆಯೋಣ. ಆಯ್ಕೆಯಾಗದ ಮಗುವಿಗೆ "ನಿನಗೆ ಸೀಟು ಸಿಗಲಿಲ್ಲ" ಎನ್ನೋಣ. "ನಿನಗೆ ಮಾನಸಿಕ ಸಾಮರ್ಥ್ಯ ಸಾಲದು" ಎನ್ನುವುದು ಬೇಡ. ಹತ್ತು ವರ್ಷದ ಮಗು ಆ ಎರಡನೆಯ ಮಾತನ್ನು ನಂಬಿಬಿಡುತ್ತದೆ.

ನ್ಯಾಯಕ್ಕಾಗಿ ಎದುರು ಪಕ್ಷದ ಮಾತನ್ನೂ ಹೇಳಬೇಕು. ಈ ಪರೀಕ್ಷೆಗಳು ಶುದ್ಧ ಬೊಗಳೆಯಲ್ಲ. ಶಾಲೆಯ ಅಂಕಗಳಿಗೂ ಬುದ್ಧಿಲಬ್ಧಕ್ಕೂ ತಕ್ಕಮಟ್ಟಿನ ಸಂಬಂಧವಿರುವುದು ಮತ್ತೆ ಮತ್ತೆ ಕಂಡುಬಂದಿದೆ. ಇರಲೇಬೇಕು, ಎರಡೂ ಒಂದೇ ಬಗೆಯ ಕೆಲಸವನ್ನು ಕೇಳುತ್ತವೆ. ಓದಿನಲ್ಲಿ ತೊಡಕಿರುವ ಮಗುವಿಗೆ ಎಲ್ಲಿ ತೊಡಕಿದೆಯೆಂದು ಅರಿಯಲು, ಸರ್ಕಾರದ ಸೌಲಭ್ಯ ದೊರಕಿಸಲು, ನುರಿತ ಮನೋವಿಜ್ಞಾನಿಯ ಕೈಯಲ್ಲಿ ಇದು ಒಳ್ಳೆಯ ಉಪಕರಣ. ಅಂಥ ತಜ್ಞರು ಸಂಖ್ಯೆಯೊಂದನ್ನೇ ನೆಚ್ಚುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಕೂಡ ಬೌದ್ಧಿಕ ಅಂಗವೈಕಲ್ಯವನ್ನು ಹೇಳುವಾಗ ತರ್ಕ, ಕಲಿಕೆಗಳ ಜೊತೆಗೆ ದಿನನಿತ್ಯದ ಬದುಕಿನ ಕೌಶಲಗಳನ್ನೂ ನೋಡಬೇಕೆನ್ನುತ್ತದೆ. ಮಗು ತಾನೇ ಬಟ್ಟೆ ಹಾಕಿಕೊಳ್ಳುತ್ತದೆಯೇ, ಅಂಗಡಿಗೆ ಹೋಗಿ ಬರುತ್ತದೆಯೇ, ಗೆಳೆಯರೊಡನೆ ಹೊಂದಿಕೊಳ್ಳುತ್ತದೆಯೇ ಎಂಬುದೂ ಬುದ್ಧಿಯೇ. ಜ್ವರಮಾಪಕವನ್ನು ಔಷಧ ಕೊಡುವುದಕ್ಕೆ ಬಳಸುವ ವೈದ್ಯರ ಮೇಲೆ ನನಗೆ ಜಗಳವಿಲ್ಲ. ಜ್ವರಮಾಪಕ ನೋಡಿ ರೋಗಿಯನ್ನು ಬಾಗಿಲಿನಿಂದಾಚೆ ಕಳಿಸುವವರ ಮೇಲೆ ನನ್ನ ಜಗಳ.

ಇವರಿಗಿಂತಲೂ ಒಂದು ಕೈ ಮೇಲಾದವರು ಈಚೆಗೆ ಹುಟ್ಟಿಕೊಂಡಿದ್ದಾರೆ. ಮಗುವಿನ ಹತ್ತು ಬೆರಳುಗಳ ಗುರುತನ್ನು ಯಂತ್ರದ ಮೇಲೆ ಒತ್ತಿಸಿ, ಸಾವಿರಾರು ರೂಪಾಯಿ ಪಡೆದು, ಈ ಮಗುವಿಗೆ ಗಣಿತದಲ್ಲಿ ಇಷ್ಟು ಬುದ್ಧಿ, ಸಂಗೀತದಲ್ಲಿ ಇಷ್ಟು ಬುದ್ಧಿ, ಎಂಜಿನಿಯರ್ ಮಾಡಿಸಿ ಎಂದು ಬಣ್ಣದ ಪುಸ್ತಕ ಕೊಡುತ್ತಾರೆ. ನನ್ನ ಪ್ರೀತಿಯ ವಿದ್ಯಾರ್ಥಿಯೊಬ್ಬ ಹೆಮ್ಮೆಯಿಂದ ಅಂಥದೊಂದನ್ನು ನನಗೆ ಕಳಿಸಿದ್ದ. ಅಪ್ಪ, ಬೆರಳಿನ ಗೆರೆಗೂ ಬುದ್ಧಿಗೂ ಸಂಬಂಧವಿದೆಯೆಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಹಣೆಬರಹ ಓದುವವರನ್ನು ಮೂಢನಂಬಿಕೆಯವರೆಂದು ನಗುತ್ತಿದ್ದ ನೀನೇ ಬೆರಳುಬರಹ ಓದಿಸಿಕೊಂಡು ಬಂದೆಯಲ್ಲ! ಕೋಪಿಸಿಕೊಳ್ಳಬೇಡ, ನಿನ್ನ ಮಗಳು ಹಾಡುವುದನ್ನು ನಾನು ಕೇಳಿದ್ದೇನೆ, ಅದಕ್ಕೆ ಯಂತ್ರದ ಸಾಕ್ಷಿ ಬೇಕಿಲ್ಲ.

ಹಣೆಬರಹದ ಮಾತು ಬಂದಾಗ ನಮ್ಮ ಹಾಲುರಾಮೇಶ್ವರ ನೆನಪಾಗುತ್ತದೆ. ಅಲ್ಲಿನ ಕೊಳದ ಮುಂದೆ ಕುಳಿತು ಬೇಡಿಕೊಂಡರೆ ಗಂಗಮ್ಮ ನೀರಿನೊಳಗಿಂದ ಪ್ರಸಾದ ಕೊಡುತ್ತಾಳೆಂಬ ನಂಬಿಕೆ ನಿಮಗೆಲ್ಲ ತಿಳಿದದ್ದೇ. ಏನು ತೇಲಿ ಬಂತೆಂಬುದರ ಮೇಲೆ ತಮ್ಮ ಫಲಾಫಲವನ್ನು ಜನ ತಿಳಿಯುತ್ತಾರೆ. ನಿವೃತ್ತಿಯಾದ ಕೆಲವು ವರ್ಷಗಳ ಮೇಲೆ ಮನೆಯವರೊಡನೆ ಅಲ್ಲಿಗೆ ಹೋಗಿದ್ದೆ. ಮರದ ನೆರಳಿನಲ್ಲಿ ಕುಳಿತಿದ್ದಾಗ ಹೆಗಲ ಮೇಲೆ ಕಂಬಳಿಯಿದ್ದ ಒಬ್ಬಾತ ಬಂದು ಕಾಲಿಗೆ ಬಿದ್ದ. "ಗುರುತು ಸಿಗ್ಲಿಲ್ವ ಸಾ? ಹಟ್ಟಿ ಇಸ್ಕೂಲಾಗೆ ನಿಮ್ ತಾವ ಓದಿದ್ದೆ" ಎಂದ. ಗುರುತು ಸಿಕ್ಕಿತು. ತಲೆ ನರೆತಿತ್ತು, ಕಣ್ಣು ಅದೇ.

ಅವನೊಡನೆ ಬಹಳ ಹೊತ್ತು ಮಾತಾಡಿದೆ. ಮುನ್ನೂರು ಕುರಿಗಳ ಹಿಂಡನ್ನು ಸಾಕಿ, ಮಕ್ಕಳ ಮದುವೆ ಮಾಡಿ, ಸಾಲವಿಲ್ಲದೆ ಬದುಕಿದ್ದ. ಮಾರಿದ ಕುರಿ, ಸತ್ತ ಕುರಿ, ಬಂದ ಹಣ, ಕೊಡಬೇಕಾದ್ದು, ಎಲ್ಲ ಲೆಕ್ಕ ಬಾಯಲ್ಲೇ. "ಇಷ್ಟೆಲ್ಲ ಲೆಕ್ಕ ಹೇಗಪ್ಪ ಇಡುತ್ತೀ?" ಎಂದೆ. ಅವನು ನಕ್ಕು "ಇದೇನು ಲೆಕ್ಕ ಬುಡಿ ಸಾ. ಓದು ನನ್ ತಲೆಗೆ ಹತ್ತಲ್ಲ ಅಂತ ನೀವೇ ಹೇಳಿದ್ರಲ್ಲ" ಎಂದ. ಅವನ ದನಿಯಲ್ಲಿ ಆಕ್ಷೇಪಣೆಯ ಎಳೆಯೂ ಇರಲಿಲ್ಲ. ಮೇಷ್ಟರು ಹೇಳಿದ್ದು ದಿಟವೆಂದು ನಲವತ್ತು ವರ್ಷ ನಂಬಿಕೊಂಡು ಬದುಕಿದ್ದ. ಬೈದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಹೊರಡುವಾಗ ಅವನ ಹಿಂದೆ ಅವಿತುಕೊಂಡಿದ್ದ ಆರು ವರ್ಷದ ಮೊಮ್ಮಗಳನ್ನು ಮುಂದಕ್ಕೆ ಎಳೆದು ನಿಲ್ಲಿಸಿದ. "ಈ ಸಲ ಇಸ್ಕೂಲಿಗೆ ಹಾಕ್ಬೇಕು ಅಂತವ್ರೆ ಸಾ. ಇವಳ ತಲೆ ಹೆಂಗೈತೆ, ನೀವೇ ಒಂದಪ ನೋಡಿ ಹೇಳಿ" ಎಂದ.

ಮಗು ನನ್ನನ್ನೇ ನೋಡುತ್ತಿತ್ತು. ಕೊಳದ ಮುಂದೆ ಬೊಗಸೆಯೊಡ್ಡಿ ಕುಳಿತವರಿಗೂ ನನ್ನ ಮುಂದೆ ನಿಂತ ಅವನಿಗೂ ನನಗೆ ವ್ಯತ್ಯಾಸ ಕಾಣಲಿಲ್ಲ. ಒಂದು ವ್ಯತ್ಯಾಸವುಂಟು. ಕೊಳದಲ್ಲಿ ಈ ಸಲ ಏನೂ ಬಾರದಿದ್ದರೆ ಮುಂದಿನ ಸಲ ಮತ್ತೆ ಬಂದು ಬೇಡಬಹುದು; ನಾನು ಕೆಂಪು ಶಾಯಿಯಲ್ಲಿ ಬರೆದದ್ದಕ್ಕೆ ಎರಡನೆಯ ಸಲ ಇರಲಿಲ್ಲ. "ತಲೆ ನೋಡಿ ಹೇಳುವ ವಿದ್ಯೆ ನನಗೆ ಬಾರದಪ್ಪ, ಆವತ್ತೂ ಬರುತ್ತಿರಲಿಲ್ಲ, ತಪ್ಪು ಹೇಳಿದ್ದೆ. ಇವಳನ್ನು ಶಾಲೆಗೆ ಹಾಕು, ಬಿಡಿಸಬೇಡ" ಎಂದೆ. ನನ್ನ ಮೊದಲ ಮಾತು ಅವನಿಗೆ ಪೂರ್ತಿ ಅರ್ಥವಾಯಿತೋ ಇಲ್ಲವೋ. ಎರಡನೆಯದು ಅರ್ಥವಾಯಿತು.

ಈಗ ತಮ್ಮನ ಮಗಳಿಗೆ ನನ್ನ ಉತ್ತರ. ಮಗಳೇ, ಮಕ್ಕಳ ಶಿಕ್ಷಣ ಹಕ್ಕು ಕಾಯಿದೆ 2009ರಲ್ಲಿ ಬಂದಿದೆ. ಅದರ 13ನೆಯ ಪ್ರಕರಣ ಶಾಲೆಗೆ ಸೇರಿಸಿಕೊಳ್ಳುವಾಗ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಪರೀಕ್ಷಿಸಿ ಆರಿಸುವುದನ್ನು ನಿಷೇಧಿಸುತ್ತದೆ, ಮೊದಲ ತಪ್ಪಿಗೆ ಇಪ್ಪತ್ತೈದು ಸಾವಿರ ರೂಪಾಯಿಯವರೆಗೆ ದಂಡವನ್ನೂ ವಿಧಿಸುತ್ತದೆ. ಅವರು "ಆಯ್ಕೆಗಲ್ಲ, ತಿಳಿದುಕೊಳ್ಳಲು" ಎಂದರೆ, ಸೇರಿಸಿಕೊಂಡ ಮೇಲೆ ತಿಳಿದುಕೊಳ್ಳಿ ಎನ್ನು. ಪುಟ್ಟನ ಕಣ್ಣು ಕಿವಿಗಳನ್ನು ಒಮ್ಮೆ ವೈದ್ಯರಿಗೆ ತೋರಿಸು. ಸರಿಯಾಗಿ ಕೇಳಿಸದ ಮಗುವನ್ನು ದಡ್ಡನೆಂದು ಬೈದ ಮೇಷ್ಟರುಗಳನ್ನು ನಾನು ಬಲ್ಲೆ. ಅವನಿಗೆ ನಿಜವಾಗಿ ಏನಾದರೂ ತೊಡಕಿದೆಯೆಂದು ನಿನಗೇ ಅನಿಸಿದರೆ ಒಳ್ಳೆಯ ತಜ್ಞರ ಬಳಿ ಹೋಗು, ನಾಚಿಕೆಪಡಬೇಡ. ಅವರಲ್ಲಿ ಸಂಖ್ಯೆ ಕೇಳಬೇಡ, ನಾಳೆ ಬೆಳಿಗ್ಗೆಯಿಂದ ನಾನು ಏನು ಮಾಡಬೇಕು ಎಂದು ಕೇಳು. ಎಲ್ಲಕ್ಕಿಂತ ಮುಖ್ಯವಾಗಿ, ಆ ಎಂಬತ್ತನಾಲ್ಕು ಪುಟ್ಟನ ಕಿವಿಗೆ ಬೀಳದಿರಲಿ.

ಶಿಕ್ಷಕರಾಗಿರುವ ನನ್ನ ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಯಾವ ಮಗುವಾದರೂ ತಪ್ಪು ಉತ್ತರ ಹೇಳಿದರೆ, ಸೊನ್ನೆ ಹಾಕುವ ಮೊದಲು ಏಕೆ ಎಂದು ಕೇಳಿ. ನಾನು ಏಕೆ ಎಂದು ಕೇಳಿದ್ದೆ. ಅವನು ಉತ್ತರವನ್ನೂ ಕೊಟ್ಟಿದ್ದ. ಆದರೂ ಸೊನ್ನೆ ಹಾಕಿದೆ. ಆದ್ದರಿಂದ ಕೇಳಿದರಷ್ಟೇ ಸಾಲದು, ಕಿವಿಗೊಡಿ.

ಎಲ್ಲರಿಗೂ ಒಳ್ಳೆಯದಾಗಲಿ.